ಗುಮ್ಮಟ ಕಾಣೂ ಮನಿ

ಇಪ್ಪತ್ತಾರು ವರ್ಷ ವಿಜಯಪುರ–ಸಿಂದಗಿ ಗಾಡ್ಯಾಗ
ಟಿಕೀಟು ಹರದು ಕೊಟ್ಟಾಕಿ ನಾನು.
ನಿವೃತ್ತಿ ರೊಕ್ಕ ಕೈಗೆ ಬಂದಾಗ
ಎಲ್ಲಾರೂ ಹೇಳಿದ್ದು ಒಂದ ಮಾತು:
ಮನಿ ತಗೋ ನೀಲಗಂಗಾ, ಬಾಡಗಿ ಬರತೈತಿ, ಕುಂತು ಉಣ್ಣು.

ಕುಂತಿಲ್ಲ ನಾ ಅವತ್ತಿನಿಂದ.

ದಲಾಲಿ ಸಂಗನಬಸು ಮಾಳಿಗಿ ಹತ್ತಿಸಿ
ಬಟ್ಟು ಚಾಚಿದ: ನೋಡ್ರಿ ಅಕ್ಕಾರ, ಗುಮ್ಮಟ.
ಹೌದು, ಎರಡು ನೀರಿನ ಟಾಕಿ ನಡುವ
ಬೋರಲ ಹಾಕಿದ ಬೋಗಾಣಿ ಹಂಗ.
ಇದಕ್ಕ ತಿಂಗಳಾ ಸಾವಿರ ಹೆಚ್ಚಿಗಿ ಹಚ್ಚಬಹುದು, ಅಂದ.
ಉತಾರ್ಯಾಗ ಇನ್ನೂ ಸತ್ತಾವನ ಹೆಸರು ಇದ್ದದ್ದು,
ಎರಿ ಮಣ್ಣಾಗ ಮೂರ ಫೂಟು ಪಾಯಾ ತಗದದ್ದು
ಮಾಳಿಗಿ ಮ್ಯಾಲಿಂದ ಕಾಣಸಲಿಲ್ಲ.

ಆ ಸತ್ತಾವನ ನಾಕು ಹೆಣ್ಮಕ್ಕಳ ಸಹಿಗೆ
ಸೊಲ್ಲಾಪುರ, ಮೀರಜ, ಜತ್ತ, ಮತ್ತ ಜತ್ತ,
ಟಿಕೀಟು ತಗೊಂಡು ಕುಂತು ತಿರಗೀನಿ.
ಕಡೀಯಾಕಿ ಪೆನ್ನು ಹಿಡಿಯೂ ಮೊದಲ
ಒಂದು ಜೋಡಿ ಬಿಲವಾರ ಕೇಳಿದಳು.

ಮುಂದಿನ ಮನಿಗೆ, ಇಬ್ಬರ ಸಂಸಾರ ಅಂತ ಬಂದಾಂವ
ಒಣದ್ರಾಕ್ಷಿ ಡಬ್ಬಿ ನೂರಾ ಎಂಬತ್ತು ತಂದಿಟ್ಟ.
ಗ್ವಾಡಿ ಎಲ್ಲೆಲ್ಲಿ ಬಿರಕು ಬಿಟ್ಟೈತಿ ಅಂತ
ನನಗ ತೋರಿಸಿದ್ದು ಇರಿವಿ ಸಾಲು.

ಮ್ಯಾಲ ಪೊಲೀಸ ಭರ್ತಿಗೆ ಓದೂ ಹುಡುಗರು,
ನಾಕ ಮಂದಿ ಅಂತ ಹನ್ನೊಂದು ತಿಂಗಳ ಕರಾರು.
ಬಾಗಿಲಾಗ ಚಪ್ಪಲಿ ಎಣಸಿದೆ, ಹನ್ನೊಂದ ಜೋಡಿ.
ಚೆಕ್ಕಿಂಗಿನವರು ಹತ್ತಿದಾಗ ನನ್ನ ಎದಿ ಹೊಡಕೊಂಡಂಗ
ಆ ಹುಡುಗರ ಮುಖ.
ಟಿಕೀಟಿಲ್ಲದವರನ್ನ ನಡುದಾರ್ಯಾಗ ಇಳಿಸಿದಾಕಿ ನಾ;
ಇಲ್ಲಿ ಸೀಟಿ ಊದಿದರ ನಿಲ್ಲೂ ಗಾಡಿ ಯಾವುದು?
ನಳ ಬರೂದು ಐದು ದಿನಕ್ಕೊಮ್ಮೆ.
ಹನ್ನೊಂದು ಮಂದಿ ಜಳಕ ಮಾಡಿದರ
ಕೆಳಗಿನ ಟೀಚರಬಾಯಾರ ಕೊಡ ಖಾಲಿ.

ಆ ಟೀಚರಬಾಯಿ ಹತ್ರ ಮೂರು ತಿಂಗಳ ಬಾಕಿ ಕೇಳಾಕ ಹೋದೆ,
ದಾರಿ ತುಂಬ ಮಾತು ಜೋಡಿಸಿಕೋತ.
ಆಕಿ ಚಾಕ್ಕ ಇಟ್ಟು, ಬಾಗಿಲ ಹಿಂದಿನ ಗ್ವಾಡಿ ತೋರಿಸಿದಳು.
ಪೆನ್ಸಿಲಿನ ಲೆಕ್ಕ, ದುಂಡನ್ನ ಸಾಲಿ ಅಕ್ಷರ:
ನಳದ ವಾಯ್ಸರು, ಅರವತ್ತು.
ಟ್ಯಾಂಕರು, ಆರನೂರು, ಎರಡು ಸಲ.
ಮೋಟರು ಸುತ್ತಿಸಿದ್ದು. ಸೋರೂ ಮೂಲಿಗೆ ಡಾಂಬರು.
ಆಮ್ಯಾಲ ಒಂದು ಗೆರಿ ಎಳದು, ಕೆಳಗ:
ಗುಮ್ಮಟ, ತಿಂಗಳಾ ಸಾವಿರದಂಗ, ಜೂನ್ ತಿಂಗಳಿಂದ.

ಗುಮ್ಮಟಾ?
ಮಾಳಿಗಿ ಹತ್ತಿ ನೋಡಿದೆ.
ಬಾಜೂಕ ಮೂರಂತಸ್ತು ಎದ್ದೈತಿ, ಹಸಿ ಸಿಮೆಂಟು,
ಅದರ ಹಣಿ ಮ್ಯಾಲ ‘ಬಾಡಿಗೆಗಿದೆ’ ಬೋರ್ಡು.
ಕೆಳಗ ಬಂದು ಆರಿದ ಚಾ ಕುಡದೆ.
ಟಿಕೀಟಿನ ಹಿಂದ ಬಾಕಿ ಚಿಲ್ಲರ ಬರಸಿಕೊಂಡು
ಸ್ಟ್ಯಾಂಡಿನಾಗ ಮರತು ಇಳದವರ ಮುಖ
ಒಂದೊಂದ ನೆನಪಾದುವು.
ಈಕಿ ಮರಿಯೂ ಪೈಕಿ ಅಲ್ಲ.

ನೀ ಎಲ್ಲಿರತಿ ಅಂತೀರಿ?
ಸ್ಟೇಶನ್ ಹಿಂದ ಒಂದ ಖೋಲಿ, ಬಾಡಗಿ.
ನನ್ನ ಮನ್ಯಾಗ ನಾ ಇದ್ದರ
ಸೊಸೈಟಿ ಕಂತು ಯಾರು ಕಟ್ಟತಾರ?
ನಿನ್ನೆ ನಮ್ಮ ಮಾಲಕ ಬಂದು, ಐನೂರು ಏರಿಸೀನಿ, ಅಂದ.
ನಾ ಸುಮ್ಮಕ ಎದ್ದು
ಬಾಗಿಲ ಹಿಂದಿನ ಗ್ವಾಡಿ ತೋರಿಸಿದೆ.

ಮುಂದಿನ ಮನಿ ಖಾಲಿ ಬಿದ್ದು ಎರಡು ತಿಂಗಳು.
ದ್ರಾಕ್ಷಿಯಾಂವ ಹ್ವಾದ, ಇರಿವಿ ಹೋಗಿಲ್ಲ.
ಇವತ್ತ ಒಬ್ಬಾಂವ ಫೋನ್ ಹಚ್ಚಿ ಕೇಳಿದ:
ಗುಮ್ಮಟ ಕಾಣತೈತೇನ್ರಿ?

ಕಾಣತೈತಿ, ಅಂದೆ,
ಗೇಟಿನಿಂದ ಹೊರಗ ಬಂದು, ಕರೆಂಟ ಕಂಬ ದಾಟಿ
ರಸ್ತಾದ ನಡುವ ನಿಂತರ.
ಅಂವ ನಕ್ಕ. ಹಳೀ ಚಾಳಿ, ನನ್ನ ಬಾಯಿ ತಾನ ಅಂತು:
ಬರ್ರಿ, ಮುಂದ ಬರ್ರಿ, ಇನ್ನೀಟು ಮುಂದ,
ಒಳಗ ಜಾಗಾ ಐತಿ.